ಕಷ್ಟದಲ್ಲಿರುವ ಹೆಣ್ಣುಮಕ್ಕಳು ಮತ್ತು ಮಕ್ಕಳ ಜೊತೆ ನಿಲ್ಲುವುದು ಹೇಗೆ? ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಮತ್ತು ಅಕ್ಕಪಕ್ಕದ ಮಲೆನಾಡಿನಲ್ಲಿ ಸೇವೆಗೆ ಬರಬೇಕೆಂದಿರುವವರು, ಸಹಾಯ ಬೇಕಾದವರು, ಅವರ ಮನೆಯವರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳನ್ನು ಸ್ವಯಂಸೇವಕರಾದ ನಾವು ಇಲ್ಲಿ ಒಟ್ಟು ಮಾಡಿದ್ದೇವೆ. ಈಗಲೇ ಜೀವಕ್ಕೆ ಅಪಾಯವಿದ್ದರೆ ಓದುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ. ಮಹಿಳೆಯರಿಗೆ 181, ಮಕ್ಕಳಿಗೆ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416, ಉಚಿತ ಕಾನೂನು ನೆರವಿಗೆ 15100. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ರ ಕರೆ ಹೋಗುತ್ತದೆ.

ನೀವು ಮಾಡುವುದು ಏನು? ಹಣ, ಬಟ್ಟೆ ಹಂಚುವುದಾ?

ಅದೂ ಸ್ವಲ್ಪ ಇದೆ. ಮುಖ್ಯ ಕೆಲಸ ಜೊತೆಗೆ ಹೋಗುವುದು. ಠಾಣೆಗೆ, ಆಸ್ಪತ್ರೆಗೆ, ನಾಡಕಚೇರಿಗೆ, ಕೋರ್ಟಿನ ವಾಯಿದೆಗೆ ಹೋದಾಗ ಆಕೆಯ ಪಕ್ಕದಲ್ಲಿ ಕೂರಲು ಒಬ್ಬರು ಇರುವಂತೆ ನೋಡಿಕೊಳ್ಳುವುದು. ಕಾನೂನು ಇದೆ, ಯೋಜನೆಗಳಿವೆ, ಅಧಿಕಾರಿಗಳೂ ಇದ್ದಾರೆ. ಅವರ ತನಕ ಹೋಗುವ ದಾರಿಯಲ್ಲಿ ಹೆಣ್ಣುಮಗಳು ಒಂಟಿಯಾಗುತ್ತಾಳೆ. ಮಲೆನಾಡಿನಲ್ಲಿ ಈ ಒಂಟಿತನಕ್ಕೆ ಊರಿನ ರಚನೆಯೂ ಕಾರಣ. ತೋಟದ ನಡುವೆ ಒಂದೇ ಮನೆ, ಕೂಗಿದರೆ ಕೇಳದಷ್ಟು ದೂರದಲ್ಲಿ ಇನ್ನೊಂದು. ಆರಿದ್ರೆ ಮಳೆಯಿಂದ ಆಶ್ಲೇಷ ಮಳೆಯ ತನಕ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಲಾಗದ ದಿನಗಳು. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಸಂಜೆಯ ಕೊನೇ ಬಸ್ಸು ತಪ್ಪಿದರೆ ಬೆಳಗಿನ ತನಕ ಕಾಯಬೇಕು.

ಎರಡು ಮಾತು ಮೊದಲೇ ಸ್ಪಷ್ಟವಿರಲಿ. ವಯಸ್ಸಿಗೆ ಬಂದ ಹೆಣ್ಣಿನ ವಿಷಯದಲ್ಲಿ ತೀರ್ಮಾನ ಆಕೆಯದೇ. ಗಂಡನ ಮನೆಗೆ ವಾಪಸು ಹೋಗುತ್ತೇನೆ ಎಂದರೂ ನಾವು ಜೊತೆ ಬಿಡುವುದಿಲ್ಲ. 18 ತುಂಬದ ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ಮಾತ್ರ ಮುಚ್ಚಿಡುವ ಅಧಿಕಾರ ತಾಯಿಗೂ ಇಲ್ಲ, ಶಾಲೆಗೂ ಇಲ್ಲ, ನಮಗೂ ಇಲ್ಲ.

ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿಸುತ್ತದೆ. ನಾವು ಹೇಳಿದ್ದು ಅಂತ ಗೊತ್ತಾದರೆ ನಾಳೆ ಮುಖ ನೋಡುವುದು ಹೇಗೆ?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಕರ್ನಾಟಕದಲ್ಲಿ ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರನ್ನು ನೋಡಲು ಹೋಗುವುದು ಕಷ್ಟವಾದರೆ 181ಕ್ಕೆ ಹೇಳಿ.

ಸದ್ದು ಕೇಳುತ್ತಿರುವಾಗಲೇ ಮಾಡಬಹುದಾದದ್ದೂ ಇದೆ. ಇಬ್ಬರು ಮೂವರು ಸೇರಿ ಏನೋ ನೆಪ ಹೇಳಿಕೊಂಡು ಬಾಗಿಲು ತಟ್ಟಿ: ಪಂಪು ಕೆಟ್ಟಿದೆ, ಏಣಿ ಬೇಕಿತ್ತು, ದನ ತೋಟಕ್ಕೆ ನುಗ್ಗಿದೆ. ಆ ಹೊತ್ತಿನ ಏಟು ನಿಲ್ಲುತ್ತದೆ. ಗಂಡನಿಗೆ ಅಲ್ಲೇ ಬುದ್ಧಿ ಹೇಳಲು ಹೋಗಬೇಡಿ. ಅದರ ಸೇಡು ನೀವು ಹೊರಟ ಮೇಲೆ ಆಕೆಯ ಮೇಲೆ ತೀರುತ್ತದೆ. ಒಬ್ಬರೇ ಒಳಗೆ ಹೋಗಲೂಬೇಡಿ.

ಮೊದಲ ಸಲ ಮಾತಾಡುವಾಗ ಏನು ಕೇಳಬೇಕು?

ಆಕೆ ಒಬ್ಬರೇ ಸಿಗುವ ಜಾಗ ನೋಡಿಕೊಳ್ಳಿ. ಅಂಗನವಾಡಿಗೆ ಮಗುವನ್ನು ಬಿಡಲು ಬರುವ ಹೊತ್ತು, ಹಾಲಿನ ಡೇರಿಯ ಸಾಲು, ಅಡಿಕೆ ಸುಲಿಯುವ ಕೊಟ್ಟಿಗೆ, ಆರೋಗ್ಯ ಉಪಕೇಂದ್ರ ಇವೆಲ್ಲ ಅನುಮಾನ ಹುಟ್ಟಿಸದ ಜಾಗಗಳು. ಅತ್ತೆ ಅಥವಾ ನಾದಿನಿ ಪಕ್ಕದಲ್ಲಿದ್ದರೆ ಆ ವಿಷಯವನ್ನೇ ಎತ್ತಬೇಡಿ. ನಾಲ್ಕು ವರ್ಷದ ಮಗು ಕೂಡ ಮನೆಗೆ ಹೋಗಿ ಕೇಳಿದ್ದನ್ನು ಹೇಳುತ್ತದೆ.

"ನಿನ್ನ ಗಂಡ ಹೊಡೀತಾನಾ?" ಎಂದು ನೇರ ಕೇಳಿದರೆ ಉತ್ತರ ಸಾಮಾನ್ಯವಾಗಿ "ಇಲ್ಲ". "ಅಕ್ಕಾ, ಮನೇಲಿ ಯಾರಿಗಾದ್ರೂ ಹೆದರ್ಕಂಡು ಇರೋ ಹಂಗಾಗಿದ್ಯಾ?" ಎಂದು ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದು ಹೊಸಬರಿಗೆ ಕಷ್ಟ, ಆದರೆ ಮಾತು ಬರುವುದೇ ಆಗ. "ಯಾಕೆ ಇಷ್ಟು ದಿನ ತಡ್ಕೊಂಡೆ?" ಎನ್ನಬೇಡಿ, ಅದು ಆಪಾದನೆಯಾಗಿ ಕೇಳಿಸುತ್ತದೆ. ನಿಮ್ಮ ನಂಬರನ್ನು ಅವರ ಫೋನಿನಲ್ಲಿ "ಟೈಲರ್" ಅಥವಾ "ಗ್ಯಾಸ್" ಎಂದು ಉಳಿಸಿಕೊಳ್ಳಲು ಹೇಳಿ. ಕರೆ ಯಾವಾಗ ಮಾಡಬೇಕೆಂದು ಅವರೇ ಹೇಳಲಿ. ನೀವಾಗಿ ಮಾಡಬೇಡಿ, ವಾಟ್ಸಾಪ್ ಸಂದೇಶವಂತೂ ಬೇಡ.

ಯಾವ ಲಕ್ಷಣ ಕಂಡರೆ ಕಾಯದೆ ಕೆಲಸ ಶುರು ಮಾಡಬೇಕು?

ಕುತ್ತಿಗೆ ಹಿಸುಕಿದ್ದಾನೆ ಎಂದರೆ ಎಲ್ಲ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಹೊರಗೆ ಗುರುತು ಕಾಣದೆಯೂ ಒಳಗೆ ಪೆಟ್ಟಾಗಿರಬಹುದು, ಮತ್ತು ಊತ ಗಂಟೆಗಳ ನಂತರವೂ ಏರಬಹುದು. ದನಿ ಗೊಗ್ಗರಾಗುವುದು, ನುಂಗಲು ನೋವು, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಚುಕ್ಕೆ, ಪ್ರಜ್ಞೆ ತಪ್ಪಿದ್ದು ಅಥವಾ ಅರಿವಿಲ್ಲದೆ ಮೂತ್ರ ಹೋದದ್ದು ಅಪಾಯದ ಸೂಚನೆ. ಹಿಂದೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲೆಯ ಮಟ್ಟಕ್ಕೆ ಹೋಗುವ ಸಾಧ್ಯತೆ ಹೆಚ್ಚು.

ನಮ್ಮ ಕಡೆ ಇನ್ನೆರಡು ವಿಷಯ ತಪ್ಪದೆ ಕೇಳಿ. ತೋಟ ಕಾಯುವ ಕೋವಿ ಮನೆಯಲ್ಲಿದೆಯೇ? ಇದ್ದರೆ ದೂರಿನಲ್ಲಿ ಬರೆಸಿ, ಚುನಾವಣೆ ಬಂದಾಗ ಮಾಡುವಂತೆ ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳಲು ಕೇಳಿ. ಕಳೆನಾಶಕ, ಕೀಟನಾಶಕ ಕೈಗೆ ಸಿಗುವಲ್ಲಿದೆಯೇ? "ಸಾಯ್ತೀನಿ" ಎಂಬ ಮಾತು ಆಕೆಯಿಂದ ಬಂದಿದ್ದರೆ ಆ ಡಬ್ಬಿಗಳನ್ನು ಅಂದೇ ಮನೆಯಿಂದ ಹೊರಗೆ, ಬೀಗ ಹಾಕುವ ಜಾಗಕ್ಕೆ ಸಾಗಿಸಿ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಮದ್ದಿಲ್ಲ. ಒಂದೆರಡು ಗುಟುಕು ಹೋದರೂ ಉಳಿಸುವುದು ಬಹಳ ಕಷ್ಟ.

ಹೊರಡಬೇಕಾಗಬಹುದು ಎಂದರೆ ಏನೇನು ಜೋಡಿಸಿಟ್ಟುಕೊಳ್ಳಬೇಕು?

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಮದುವೆಯ ಕರೆಯೋಲೆ ಮತ್ತು ಒಂದೆರಡು ಮದುವೆ ಫೋಟೊ, ಗಂಡನ ಸಂಬಳದ ಚೀಟಿ ಅಥವಾ ಜಮೀನಿನ ಪಹಣಿಯ ನಕಲು, ಹಳೆಯ ಆಸ್ಪತ್ರೆ ಚೀಟಿಗಳು. ಎಲ್ಲದರ ಜೆರಾಕ್ಸ್ ಎರಡು ಪ್ರತಿ. ಮಳೆಗಾಲಕ್ಕೆ ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಡಿ, ಬಟ್ಟೆಚೀಲದಲ್ಲಿಟ್ಟ ಕಾಗದ ಒಂದೇ ತಿಂಗಳಲ್ಲಿ ಬೂಸಲು ಹಿಡಿಯುತ್ತದೆ. ದಿನವೂ ನುಂಗುವ ಮಾತ್ರೆ 7 ದಿನದ್ದು, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಟಾರ್ಚು, ಕೊಡೆ, ಸ್ವಲ್ಪ ಚಿಲ್ಲರೆ ಹಣ.

ಈ ಗಂಟು ಮನೆಯಲ್ಲಿರಬಾರದು. ನಂಬಿಕಸ್ತರ ಮನೆಯಲ್ಲಿಡಿ. ಮೂಲ ದಾಖಲೆಗಳು ಒಟ್ಟಿಗೇ ಮಾಯವಾದರೆ ಅನುಮಾನ ಬರುವುದರಿಂದ ಮೊದಲು ಜೆರಾಕ್ಸ್ ಸಾಗಿಸಿ, ಮೂಲವನ್ನು ಹೊರಡುವ ದಿನ ತನ್ನಿ.

ಬಸ್ಸಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ ದುಡ್ಡು ಕೈಯಲ್ಲಿರಲೇಬೇಕು. ಇಳಿದ ಮೇಲೆ ಟಿಕೆಟ್ ಬಿಸಾಡಿ, ಎಲ್ಲಿಗೆ ಹೋಗಿದ್ದೆ ಎಂಬುದನ್ನು ಅದು ಹೇಳುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿನ ಹೊತ್ತಿಗೆ ಕಾಯುವ ಕಷ್ಟ ತಪ್ಪಿದೆ.

ರಾತ್ರಿ ಮನೆ ಬಿಟ್ಟು ಬಂದರೆ ಎಲ್ಲಿ ಇರಿಸುವುದು?

ಜಿಲ್ಲೆಗೊಂದು ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ತಂಗಲು 5 ದಿನದ ತನಕ ಅವಕಾಶ, ಜೊತೆಗೆ ವೈದ್ಯರು, ಪೊಲೀಸ್, ವಕೀಲರು, ಆಪ್ತಸಮಾಲೋಚನೆ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. 181ಕ್ಕೆ ಕರೆ ಮಾಡಿದರೆ ಅಲ್ಲಿಗೆ ಸಂಪರ್ಕ ಕೊಡುತ್ತಾರೆ. ಹೆಚ್ಚು ದಿನ ಬೇಕಾದರೆ ಶಕ್ತಿ ಸದನದ (ಕಷ್ಟದಲ್ಲಿರುವ ಮಹಿಳೆಯರ ಆಶ್ರಯ ಕೇಂದ್ರ) ವ್ಯವಸ್ಥೆ ಇದೆ. ಗಂಡುಮಕ್ಕಳನ್ನು ಒಂದು ವಯಸ್ಸಿನವರೆಗೆ ಮಾತ್ರ ತಾಯಿಯ ಜೊತೆ ಬಿಡುತ್ತಾರೆ. ದೊಡ್ಡ ಮಗ ಇದ್ದರೆ ಫೋನಿನಲ್ಲೇ ಕೇಳಿಕೊಂಡು ಹೊರಡಿ, ಬಾಗಿಲಲ್ಲಿ ಗೊತ್ತಾದರೆ ಆಕೆ ಅಲ್ಲಿಂದಲೇ ಹಿಂದಿರುಗುತ್ತಾಳೆ.

ಸ್ವಯಂಸೇವಕರ ಮನೆಯಲ್ಲಿ ಇರಿಸಿಕೊಳ್ಳಬೇಡಿ. ಹುಡುಕಿಕೊಂಡು ಬಂದಾಗ ಎರಡು ಸಂಸಾರಕ್ಕೆ ಅಪಾಯ.

ಠಾಣೆಯಲ್ಲಿ "ಗಂಡ ಹೆಂಡತಿ ಜಗಳ, ಮನೆಗೆ ಹೋಗಿ" ಅಂದರು. ಮುಂದೆ?

ಗಂಡ ಅಥವಾ ಅವನ ಕಡೆಯವರ ಕ್ರೌರ್ಯ ಭಾರತೀಯ ನ್ಯಾಯ ಸಂಹಿತೆಯ ಕಲಂ 85ರ ಅಪರಾಧ (2024ರ ಜುಲೈ 1ಕ್ಕೆ ಮೊದಲು ಇದೇ 498ಎ ಆಗಿತ್ತು). ಘಟನೆ ಬೇರೆ ಊರಿನಲ್ಲಿ ನಡೆದಿದ್ದರೂ ಯಾವ ಠಾಣೆಯಾದರೂ ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಎಫ್‌ಐಆರ್‌ನ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ದೂರನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ, ರಶೀದಿ ಇಟ್ಟುಕೊಳ್ಳಿ.

ದೂರನ್ನು ಬಾಯಲ್ಲಿ ಹೇಳಿ ಬರುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ಎರಡು ಪ್ರತಿ ಬರೆದು ಒಂದರ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. "ದಿನಾ ಹೊಡೆಯುತ್ತಾನೆ" ಎಂಬ ಒಂದೇ ಸಾಲು ಸಾಲದು. ಮೊದಲನೇ ಸಲ, ತುಂಬಾ ಕೆಟ್ಟದಾಗಿ ನಡೆದದ್ದು, ಇತ್ತೀಚಿನದು ಈ ಮೂರನ್ನಾದರೂ ದಿನ, ಹೊತ್ತು, ಯಾವುದರಿಂದ ಹೊಡೆದ, ಯಾರು ನೋಡಿದರು ಎಂಬುದರ ಸಮೇತ ಬರೆಯಿರಿ. ತಾರೀಖು ನೆನಪಿಲ್ಲದವರಿಗೆ ಹಬ್ಬ, ಜಾತ್ರೆ, ಅಡಿಕೆ ಕೊಯ್ಲು, ಮಗುವಿನ ಲಸಿಕೆಯ ದಿನ ಹಿಡಿದು ನೆನಪು ಮಾಡಿಸಿ. ಸಾಗರದ ಮಾರಿಜಾತ್ರೆಯ ವಾರ ಎಂದರೆ ವರ್ಷ ಸಿಗುತ್ತದೆ, ತಿಂಗಳೂ ಸಿಗುತ್ತದೆ.

ಗಂಡನನ್ನು ಜೈಲಿಗೆ ಕಳಿಸುವುದು ಬೇಡ, ಹೊಡೆತ ನಿಂತರೆ ಸಾಕು ಎನ್ನುವವರೇ ಹೆಚ್ಚು. ಅವರಿಗೆ 2005ರ ಕಾಯ್ದೆಯ ದಾರಿ ಸರಿ. ಸಿಡಿಪಿಒ ಕೌಟುಂಬಿಕ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೊಡೆಯಬಾರದೆಂಬ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ವಾಸದ ಹಕ್ಕಿಗೆ ಅಡ್ಡಿ ಇಲ್ಲ. ಆಕೆ ತಾತ್ಕಾಲಿಕವಾಗಿ ತವರಲ್ಲಿದ್ದರೆ ತವರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಆಗಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ತಡವಾಗುತ್ತದೆ, ನೋಟಿಸು ಜಾರಿಯಾಗದೆ ವಾಪಸು ಬರುವುದು ಮುಖ್ಯ ಕಾರಣ. ಗಂಡನ ಕೆಲಸದ ಜಾಗದ ವಿಳಾಸವನ್ನೂ ಅರ್ಜಿಯಲ್ಲಿ ಕೊಡಿ, ತುರ್ತಿದ್ದರೆ ಮಧ್ಯಂತರ ಆದೇಶ ಕೇಳಿ. ಸಂರಕ್ಷಣಾ ಆದೇಶ ಮುರಿದರೆ 1 ವರ್ಷದ ತನಕ ಜೈಲು ಅಥವಾ 20,000 ರೂಪಾಯಿ ತನಕ ದಂಡ, ಅಥವಾ ಎರಡೂ.

ವಕೀಲರ ಫೀಸಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಹಕ್ಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ.

ಬಿಟ್ಟು ಹೋದ ಗಂಡನಿಂದ ಜೀವನಾಂಶ ಸಿಗುತ್ತದೆಯೇ?

ಸಿಗುತ್ತದೆ. ವಿಚ್ಛೇದನ ಆಗಿರಲೇಬೇಕೆಂದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರಡಿ (ಹಳೆಯ 125) ತಾನಿರುವ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಸಲ್ಲಿಸಬೇಕು, ಮತ್ತು ಹಣ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಆದ್ದರಿಂದ ದಾಖಲೆ ಪೂರಾ ಆಗಲಿ ಎಂದು ಅರ್ಜಿಯನ್ನೇ ತಡ ಮಾಡಬೇಡಿ. ತೋಟದ ಆದಾಯವನ್ನು ಕಡಿಮೆ ತೋರಿಸುವುದು ನಮ್ಮಲ್ಲಿ ಸಾಮಾನ್ಯ. ಪಹಣಿ, ಅಡಿಕೆ ಮಂಡಿಯ ಅಥವಾ ಸೊಸೈಟಿಯ ಪಟ್ಟಿ ಇದ್ದರೆ ಮಾತು ಮುಗಿಯುತ್ತದೆ.

ಊರ ಹಿರಿಯರು ಕೂತು ರಾಜಿ ಮಾಡಿಸುತ್ತೇವೆ ಅನ್ನುತ್ತಾರೆ. ಒಪ್ಪಬಹುದೇ?

ಆಕೆಗೆ ಇಷ್ಟವಿದ್ದರೆ, ಆಕೆಯ ಕಡೆಯ ಹೆಂಗಸರೂ ಅಲ್ಲಿ ಕೂರುವುದಾದರೆ, ಮಾತಾದದ್ದು ಬರಹಕ್ಕೆ ಇಳಿಯುವುದಾದರೆ ಪ್ರಯತ್ನಿಸಬಹುದು. "ಇನ್ನು ಮುಂದೆ ಕೇಸು ಹಾಕುವುದಿಲ್ಲ" ಎಂಬ ಸಾಲಿಗೆ ಸಹಿ ಹಾಕಿಸಬೇಡಿ. ದೇವಸ್ಥಾನದಲ್ಲಿ ಆಣೆ ಹಾಕಿಸಿ ಕಳಿಸುವುದನ್ನು ನಾವು ಒಪ್ಪುವುದಿಲ್ಲ, ಆಣೆ ಮುರಿದಾಗ ಕೇಳುವವರು ಯಾರೂ ಇರುವುದಿಲ್ಲ. ಅತ್ಯಾಚಾರಕ್ಕೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ರಾಜಿ ಎಂಬುದೇ ಇಲ್ಲ. ಅಂಥ ಪಂಚಾಯ್ತಿ ಮಾಡಿ ಮುಚ್ಚಿಹಾಕಿದವರ ಮೇಲೂ ಕೇಸಾಗುತ್ತದೆ.

ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತದಲ್ಲವೇ?

ಕುಡಿತ ಬಿಟ್ಟರೂ ಹೊಡೆತ ಬಿಡದವರು ಇದ್ದಾರೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಬಿಡಿಸುವುದಾದರೆ ವೈದ್ಯರ ಮೂಲಕವೇ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್, ಸನ್ನಿ ಬರಬಹುದು, ಪ್ರಾಣವೂ ಹೋಗಬಹುದು. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ, ಮಾತ್ರೆ ಬೇಡವೇ ಬೇಡ. ಅವುಗಳಲ್ಲಿ ಕೆಲವದರ ಮೇಲೆ ಹೆಂಡ ಬಿದ್ದರೆ ರಕ್ತದೊತ್ತಡ ಕುಸಿದು ಮನುಷ್ಯ ಬೀಳುತ್ತಾನೆ, ಆಮೇಲೆ ಆಪಾದನೆ ಹೆಂಡತಿಯ ತಲೆಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕೇಳಿ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಲೈಂಗಿಕ ದೌರ್ಜನ್ಯ ಆಗಿದೆ. ಮೊದಲ ಮೂರು ದಿನ ಏನು ಮಾಡಬೇಕು?

72 ಗಂಟೆ ಎಂಬ ಲೆಕ್ಕ ನೆನಪಿಡಿ. ಎಚ್‌ಐವಿ ತಡೆಯುವ ಮಾತ್ರೆ ಅಷ್ಟರೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ಗರ್ಭ ತಡೆಯುವ ಮಾತ್ರೆಯೂ ಆದಷ್ಟು ಬೇಗ. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಎಲ್ಲರಿಗೂ ಮೊದಲು ಹೊಳೆಯುವುದು ಬಿಸಿನೀರು ಹಾಕಿ ಮೀಯಿಸುವುದೇ, ಅದರಿಂದ ಸಾಕ್ಷ್ಯ ಹೋಗುತ್ತದೆ. ಆ ಬಟ್ಟೆಯನ್ನು ಕಾಗದದ ಚೀಲದಲ್ಲಿ ಅಥವಾ ಹಳೆ ಪೇಪರಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ನಮ್ಮ ತೇವದ ಹವೆಗೆ ಬೂಸಲು ಬಂದು ಸಾಕ್ಷ್ಯ ಕೆಡುತ್ತದೆ. ಸ್ನಾನ ಆಗಿಹೋಗಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ತನ್ನಿ ಎಂದು ವಾಪಸು ಕಳಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ, ಯಾರಾದರೂ ಮಾಡಲು ಹೊರಟರೆ ಬೇಡ ಎನ್ನಿ. ಗರ್ಭ ನಿಂತಿದ್ದರೆ ಅತ್ಯಾಚಾರಕ್ಕೆ ಒಳಗಾದವರಿಗೂ ಅಪ್ರಾಪ್ತರಿಗೂ 24 ವಾರದ ತನಕ ಕಾನೂನುಬದ್ಧ ಗರ್ಭಪಾತಕ್ಕೆ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು.

ಮಗು ಬಂದು ಏನೋ ಹೇಳಿತು. ನಿಜವೋ ಸುಳ್ಳೋ ವಿಚಾರಿಸಿ ಆಮೇಲೆ ಹೇಳಿದರಾಯಿತೇ?

ವಿಚಾರಿಸುವುದು ನಮ್ಮ ಕೆಲಸವಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಪ್ರಕಾರ ಅಂಥ ಅನುಮಾನವಿದ್ದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳ ತನಕ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದ ತನಕ. ಶಾಲೆಯ ಮರ್ಯಾದೆ ಎಂದು ತಡ ಮಾಡುವ ಮುಖ್ಯೋಪಾಧ್ಯಾಯರಿಗೆ ಇದನ್ನು ನೇರವಾಗಿ ಹೇಳಿ.

ಮಗುವಿಗೆ ಹೇಳಬೇಕಾದ್ದು ಇಷ್ಟೇ: "ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ತಪ್ಪು ನಿಂದಲ್ಲ." ಯಾರಿಗೂ ಹೇಳಲ್ಲ ಎಂಬ ಭಾಷೆ ಕೊಡಬೇಡಿ. "ಅವನೇನಾ? ಇಲ್ಲಿ ಮುಟ್ಟಿದ್ನಾ?" ಎಂದು ಉತ್ತರವನ್ನು ಬಾಯಿಗೆ ಇಡಬೇಡಿ, ಮುಂದೆ ಕೋರ್ಟಿನಲ್ಲಿ ಹೇಳಿಕೊಟ್ಟ ಮಾತು ಎಂದಾಗಿಬಿಡುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಮಗುವಿನ ಮಾತನ್ನು ಮಗು ಹೇಳಿದ ಹಾಗೆಯೇ, ತಾರೀಖು ಮತ್ತು ಹೊತ್ತು ಹಾಕಿ ಬರೆದಿಡಿ.

ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಒಗ್ಗುವ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪಡೆಯಬೇಕು. ಯಾವ ಮಗುವನ್ನೂ ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಸಮಿತಿಯ ಬಳಿ ಎರಡು ವಿಷಯ ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಮರೆತೇ ಹೋಗುತ್ತವೆ. ಒಂದು, ಕೇಸು ಮುಗಿಯುವ ತನಕ ಜೊತೆಗಿರುವ ಬೆಂಬಲ ವ್ಯಕ್ತಿ. ಇನ್ನೊಂದು, ಊಟ, ಬಟ್ಟೆ, ಓಡಾಟಕ್ಕೆ ಕೊಡುವ ವಿಶೇಷ ಪರಿಹಾರ. ಸಮಿತಿ ಶಿಫಾರಸು ಮಾಡಿದ ಒಂದು ವಾರದೊಳಗೆ ಆ ಹಣ ಕೊಡಬೇಕೆಂದು 2020ರ ಪೋಕ್ಸೊ ನಿಯಮದಲ್ಲಿದೆ.

ಹುಡುಗಿಗೆ 17. ಮುಂದಿನ ವಾರ ಮದುವೆ. ತಡೆದರೆ ಆ ಮನೆಗೆ ನಷ್ಟವಲ್ಲವೇ?

ಮದುವೆ ನಡೆದರೂ ಅದಕ್ಕೆ ಬೆಲೆ ಇಲ್ಲ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯ ವಿವಾಹ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ 2 ವರ್ಷದ ತನಕ ಕಠಿಣ ಸಜೆ, 1 ಲಕ್ಷ ರೂಪಾಯಿ ತನಕ ದಂಡ. ಪುರೋಹಿತರು, ಛತ್ರದವರು, ಅಡುಗೆಯವರ ತನಕ ಬಿಸಿ ಮುಟ್ಟುತ್ತದೆ. 1098ಕ್ಕೆ ಹೇಳಿ. ತಹಶೀಲ್ದಾರ್, ಸಿಡಿಪಿಒ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಮುಖ್ಯೋಪಾಧ್ಯಾಯರೂ ಬಾಲ್ಯ ವಿವಾಹ ನಿಷೇಧಾಧಿಕಾರಿಗಳು. ವಯಸ್ಸಿಗೆ ಶಾಲೆಯ ದಾಖಲಾತಿ ನೋಡಿ, ಆಧಾರ್ ಒಂದನ್ನೇ ನಂಬಬೇಡಿ. ಮುಹೂರ್ತದ ದಿನ ಹೋಗುವುದಕ್ಕಿಂತ ನಿಶ್ಚಿತಾರ್ಥದ ಸುಳಿವು ಸಿಕ್ಕಾಗಲೇ ಹೋದರೆ ಖರ್ಚೂ ಅವಮಾನವೂ ತಪ್ಪುತ್ತದೆ. ತಡೆದ ಮೇಲೆ ಆ ಹುಡುಗಿಯನ್ನು ಆರು ತಿಂಗಳು ಮರೆಯಬೇಡಿ. ಬೇರೆ ಜಿಲ್ಲೆಯ ನೆಂಟರ ಮನೆಗೆ ಸಾಗಿಸಿ ಅಲ್ಲಿ ತಾಳಿ ಕಟ್ಟಿಸುವುದುಂಟು. ಕಾಲೇಜಿಗೆ ಬರುತ್ತಿದ್ದಾಳೆಯೇ ಎಂದು ಹಾಜರಿ ಕೇಳುತ್ತಿರಿ.

ಅಪ್ಪ ಇಲ್ಲದ ಮಕ್ಕಳಿಗೆ ತಿಂಗಳಿಗೆ ಹಣ ಬರುತ್ತದಂತೆ?

ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಅದು. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆ ಅಥವಾ ತೊರೆಯಲ್ಪಟ್ಟವಳಾಗಿದ್ದರೆ, ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಅಜ್ಜಿ ಅಥವಾ ಮಾವನ ಮನೆಯಲ್ಲಿ ಮಗು ಇದ್ದರೆ, ಪೋಷಕರಿಗೆ ಪ್ರಾಣಾಂತಿಕ ಕಾಯಿಲೆ ಇದ್ದರೆ ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆಧಾರ್, ಆದಾಯ ಪತ್ರ, ವ್ಯಾಸಂಗ ಪತ್ರ, ಮರಣ ಪತ್ರ, ಬ್ಯಾಂಕ್ ಖಾತೆಯ ವಿವರ ಜೋಡಿಸಿ. ಮಗುವಿನ ಹೆಸರು ಆಧಾರಿನಲ್ಲಿ ಒಂದು ಬಗೆ, ಶಾಲೆಯಲ್ಲಿ ಇನ್ನೊಂದು ಬಗೆ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಸರಿಮಾಡಿಸಿ.

ಗಂಡನ ಮನೆ ಬಿಟ್ಟ ಮೇಲೆ ಗೃಹಲಕ್ಷ್ಮಿ, ಪಿಂಚಣಿ ಸಿಗುವುದಿಲ್ಲ ಯಾಕೆ?

ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ. ತವರಲ್ಲಿರುವ ಸೊಸೆಯ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲೇ ಇರುತ್ತದೆ. ಅಲ್ಲಿಂದ ಹೆಸರು ತೆಗೆಸದೆ ಹೊಸ ಕಾರ್ಡಿಲ್ಲ, ತೆಗೆಯಲು ಆ ಮನೆಯವರು ಒಪ್ಪುವುದಿಲ್ಲ. ಠಾಣೆಯ ಸ್ವೀಕೃತಿ ಅಥವಾ ಕೋರ್ಟಿನ ಆದೇಶದ ಪ್ರತಿಯೊಂದಿಗೆ ಆಹಾರ ನಿರೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ವಿಧವಾ ವೇತನ, 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತರಿಗಿರುವ ಮನಸ್ವಿನಿ, ಎರಡಕ್ಕೂ ಅರ್ಜಿ ನಾಡಕಚೇರಿಯಲ್ಲಿ. ವಿಚ್ಛೇದನವಿಲ್ಲದೆ ಸುಮ್ಮನೆ ಕೈಬಿಡಲ್ಪಟ್ಟವರು ಎರಡರ ನಡುವೆ ಉಳಿದುಬಿಡುತ್ತಾರೆ, ಅವರಿಗೆ ಜೀವನಾಂಶದ ಅರ್ಜಿಯೇ ಮೊದಲ ದಾರಿ.

ಸಾಲದ ಕಂತಿಗೆ ಏಜೆಂಟರು ಮನೆ ಮುಂದೆ ಕೂರುತ್ತಾರೆ.

ಕಿರುಸಾಲ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ಕಾನೂನನ್ನೇ ತಂದಿದೆ, ಶಿಕ್ಷೆ 10 ವರ್ಷದ ತನಕ. ಬೈದದ್ದು, ಪಾತ್ರೆ ಹೊತ್ತದ್ದು, ಬೀಗ ಹಾಕಿದ್ದು ಯಾವುದಾದರೂ ನಡೆದರೆ ಠಾಣೆಗೆ ಬರೆದುಕೊಡಿ. ಸಾಲ ಮನ್ನಾ ಆಯಿತೆಂದು ಮಾತ್ರ ಯಾರಿಗೂ ಹೇಳಬೇಡಿ.

ಹೆತ್ತ ಮಗುವನ್ನು ಸಾಕಲಾಗದು ಅನ್ನುತ್ತಾಳೆ. ಮಕ್ಕಳಿಲ್ಲದ ನಮ್ಮ ಪೈಕಿಯವರಿಗೆ ಕೊಡಿಸಬಹುದೇ?

ಕೂಡದು. ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಕಾನೂನಿನ ದತ್ತು ವಿಧಾನ ಬಿಟ್ಟು ಕೊಡಿಸಿದರೆ ಅದು ಅಪರಾಧ. ತಾಯಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕರೆದೊಯ್ಯಿರಿ. ಅಲ್ಲಿ ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು 2 ತಿಂಗಳ ಕಾಲಾವಕಾಶ ಇರುತ್ತದೆ. ಆಕೆಯನ್ನು ಬೈಯುವ, ಹೆಸರು ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ನೋಂದಣಿ ಇಲ್ಲದೆ ನಾಲ್ಕು ಮಕ್ಕಳನ್ನು ಇಟ್ಟುಕೊಂಡು ಆಶ್ರಮ ಶುರು ಮಾಡುವುದೂ ಬಾಲನ್ಯಾಯ ಕಾಯ್ದೆಯಡಿ ಅಪರಾಧವೇ.

ನಮ್ಮೂರಲ್ಲಿ ಹೆಂಗಸರ ಕೂಟ ಶುರು ಮಾಡಬೇಕು. ಹೇಗೆ?

10–12 ಜನ ಸಾಕು, 20 ದಾಟಿದರೆ ಮನಸ್ಸಿನ ಮಾತು ಬರುವುದಿಲ್ಲ. ಜಾಗ ಯಾರ ಮನೆಯೂ ಆಗಬಾರದು. ಕೆಲವರ ಅಂಗಳಕ್ಕೆ ಕೆಲವರು ಇಂದಿಗೂ ಕಾಲಿಡುವಂತಿಲ್ಲ ಎಂಬುದು ನಮ್ಮ ಊರುಗಳ ಸತ್ಯ, ಅದನ್ನು ಮರೆತು ನಡೆಸಿದ ಕೂಟಕ್ಕೆ ತೀರಾ ಅಗತ್ಯವಿದ್ದವರೇ ಬರುವುದಿಲ್ಲ. ಅಂಗನವಾಡಿ, ಪಂಚಾಯ್ತಿಯ ಅರಿವು ಕೇಂದ್ರ (ಗ್ರಂಥಾಲಯ), ಶಾಲೆಯ ಜಗಲಿ ಸರಿ. ಹದಿನೈದು ದಿನಕ್ಕೊಮ್ಮೆ, ಒಂದೂವರೆ ಗಂಟೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಹೊತ್ತು ಬದಲಿಸಿ, ಆಗ ರಾತ್ರಿ ತನಕ ಸುಲಿತ ಇರುತ್ತದೆ. ಹಣದ ವ್ಯವಹಾರವನ್ನು ಈ ಕೂಟಕ್ಕೆ ತರಬೇಡಿ. ಕಂತು ಕಟ್ಟದವಳು ಬರುವುದನ್ನೇ ನಿಲ್ಲಿಸುತ್ತಾಳೆ, ಕಷ್ಟದಲ್ಲಿರುವವಳು ಅವಳೇ. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಆಡಿಸಲು ಒಬ್ಬರನ್ನು ಗೊತ್ತುಮಾಡಿ.

ಏನು ದಾನ ಕೊಟ್ಟರೆ ಉಪಯೋಗ?

ಹಳೆ ಬಟ್ಟೆ ಸಾಕಷ್ಟಿದೆ, ಹಳೆಯ ಒಳಉಡುಪು ಯಾರಿಗೂ ಕೊಡಬಾರದು. ಬೇಕಾದದ್ದು ಹೊಸ ಒಳಉಡುಪು, ಕೊಡೆ, ಕಂಬಳಿ, ಟಾರ್ಚು, ಬಸ್ ಚಾರ್ಜಿನ ಹಣ, ಜೆರಾಕ್ಸ್ ಖರ್ಚು. ಬಟ್ಟೆಯ ಪ್ಯಾಡು ಪರಿಸರಕ್ಕೆ ಒಳ್ಳೆಯದು ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಅದು ಒಣಗುವುದಿಲ್ಲ, ಒದ್ದೆಯದನ್ನೇ ಬಳಸಿ ತುರಿ, ಸೋಂಕು ಬರುತ್ತದೆ. ಮಳೆಗಾಲಕ್ಕೆ ಬಿಸಾಡುವ ಪ್ಯಾಡನ್ನೇ ಕೊಡಿ. ನಗದು ಕೊಟ್ಟರೆ ರಶೀದಿ ಕೇಳಿ ಪಡೆಯಿರಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಇಲ್ಲ.

ಕೊಡುವಾಗ ಫೋಟೊ ಇಲ್ಲ. ಸಂತ್ರಸ್ತರ ಹೆಸರು, ಮುಖ, ಊರು, ಶಾಲೆ ಗೊತ್ತಾಗುವಂತೆ ಹಂಚುವುದು ಶಿಕ್ಷಾರ್ಹ. ಮುಖ ಮಸುಕು ಮಾಡಿ ಹಿಂದೆ ಶಾಲೆಯ ಬೋರ್ಡು ಬಿಟ್ಟರೂ ಗುರುತು ಸಿಕ್ಕಿತೆಂದೇ ಲೆಕ್ಕ.

ಒಬ್ಬರ ಜೊತೆ ಎಷ್ಟು ದಿನ ಇರಬೇಕು?

ಮೊದಲ ತಿಂಗಳು ವಾರಕ್ಕೆರಡು ಸಲ, ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ವರ್ಷ ತುಂಬುವ ತನಕ ತಿಂಗಳಿಗೊಮ್ಮೆ. ಮನೆ ಬಿಟ್ಟ ಮೊದಲ ವಾರಗಳು ಮತ್ತು ಕೋರ್ಟಿನ ನೋಟಿಸು ಗಂಡನ ಕೈ ಸೇರಿದ ದಿನ ಅತಿ ಅಪಾಯದ ಹೊತ್ತು. ನೋಟಿಸು ಯಾವಾಗ ತಲುಪುತ್ತದೆ ಎಂದು ವಕೀಲರನ್ನು ಕೇಳಿಕೊಂಡು ಆ ದಿನ ಆಕೆ ಬೇರೆಡೆ ಮಲಗುವಂತೆ ಏರ್ಪಾಡು ಮಾಡಿ. ಒಬ್ಬ ಸ್ವಯಂಸೇವಕಿಗೆ ಒಂದು ಹೊತ್ತಿನಲ್ಲಿ ಮೂರಕ್ಕಿಂತ ಹೆಚ್ಚು ಮನೆ ಬೇಡ, ಮತ್ತು ಪ್ರತಿ ಮನೆಯ ವಿಷಯ ಗೊತ್ತಿರುವ ಎರಡನೆಯವರು ಇರಲಿ. ಗಂಡಸರೂ ಈ ಕೆಲಸಕ್ಕೆ ಬೇಕು: ಗಾಡಿ ಓಡಿಸಲು, ಅರ್ಜಿ ಬರೆಯಲು, ಊರ ಗಂಡಸರ ಜೊತೆ ಮಾತಾಡಲು. ಹೆಣ್ಣುಮಗಳ ಮನೆಗೆ ಒಬ್ಬರೇ ಹೋಗುವುದು ಮಾತ್ರ ಬೇಡ.